ಜವರಪ್ಪನವರ ಉಡುದಾರವೂ ನನ್ನ ತುರ್ತು ಯೋಜನೆಯೂ

ಹಿಂದೆಲ್ಲ ಆಪತ್ತು ಬಂದರೆ ಜನ ಎದ್ದುಬಿದ್ದು ಓಡುತ್ತಿದ್ದರು. ಈಗ ಹಾಗೆ ಓಡುವಂತಿಲ್ಲ. ಯಾರು ಓಡಬೇಕು, ಯಾವ ಕಡೆ ಓಡಬೇಕು, ಯಾರ ಅನುಮತಿ ಪಡೆದು ಓಡಬೇಕು ಎಂಬುದನ್ನೆಲ್ಲ ಮೊದಲೇ ತೀರ್ಮಾನಿಸಿ, ಸ್ಪೈರಲ್ ಬೈಂಡಿಂಗ್ ಮಾಡಿಸಿ, ಮೂರು ಪ್ರತಿ ಇಟ್ಟುಕೊಂಡು, ಆಮೇಲೆ ಆಪತ್ತಿಗೆ ಕಾಯುತ್ತಾ ಕೂರಬೇಕು. ಇದನ್ನು ಆಡಿಕೊಳ್ಳುವ ಯೋಗ್ಯತೆ ನನಗಿಲ್ಲ. ಹೊಳೆನರಸೀಪುರದಲ್ಲಿರುವ ನಮ್ಮ ವಿದ್ಯುತ್ ಕಂಪನಿಯ ಕಚೇರಿಗೆ ಅಂಥದ್ದೊಂದು ಪುಸ್ತಕ ಬರೆದ ಮಹಾನುಭಾವ ನಾನೇ.

ಅದಕ್ಕಾಗಿ ಹಾಸನದ ಹೋಟೆಲೊಂದರಲ್ಲಿ ಎರಡು ದಿನ ತರಬೇತಿ ಕೊಟ್ಟರು. ಕೋಟು ಹಾಕಿದ ಒಬ್ಬರು ಬಂದು, ಏನೇ ಆದರೂ ಕೆಲಸ ನಿಲ್ಲಬಾರದು ಎಂದು ಊಟದ ಹೊತ್ತಿನವರೆಗೆ ಹೇಳಿದರು. ಊಟ ಬಂದ ಕೂಡಲೇ ನಿಲ್ಲಿಸಿದರು. ಕೊನೆಗೆ ಒಂದು ನಮೂನೆ ಹಂಚಿದರು. ಅದರಲ್ಲಿ ಪ್ರವಾಹ, ಬೆಂಕಿ, ಸುನಾಮಿ ಎಂದು ಸಾಲಾಗಿ ಇತ್ತು. ಸುನಾಮಿಯ ಮುಂದೆ ನಾನು ‘ಅನ್ವಯಿಸುವುದಿಲ್ಲ’ ಎಂದು ಬರೆದು ಕಳಿಸಿದೆ. ‘ಕಾರಣ ನೀಡಿ’ ಎಂಬ ಷರಾದೊಂದಿಗೆ ಕಡತ ವಾಪಸು ಬಂತು. ‘ಸಮುದ್ರ ದೂರವಿದೆ’ ಎಂದು ಬರೆದೆ. ಎಷ್ಟು ದೂರ ಎಂದು ಕೇಳಿದರು. ಇಷ್ಟಾದ ಮೇಲೆ ಕಂಪನಿಗೆ ನನ್ನ ಮೇಲೆ ಎಂಥ ವಿಶ್ವಾಸ ಹುಟ್ಟಿತೆಂದರೆ, ಇಪ್ಪತ್ತು ವರ್ಷದಿಂದ ಬರೀ ಕಾಗದ ಬರೆದುಕೊಂಡಿದ್ದ ನನ್ನನ್ನು ‘ತುರ್ತು ಸಮನ್ವಯಾಧಿಕಾರಿ’ ಮಾಡಿದರು. ಹಾಗೆಂದು ಬರೆದು ಕೊರಳಿಗೆ ಹಾಕಿದ ಗುರುತಿನ ಚೀಟಿಯನ್ನು ನಾನು ಚನ್ನರಾಯಪಟ್ಟಣದ ಬಸ್ಸಿನಲ್ಲಿ ಮನೆಗೆ ಹೋಗುವಾಗಲೂ ತೆಗೆಯುತ್ತಿರಲಿಲ್ಲ ಎಂಬುದನ್ನು ಒಪ್ಪಿಕೊಳ್ಳುತ್ತೇನೆ. ಕಂಡಕ್ಟರ್ ಮಾತ್ರ ಪೂರ್ತಿ ಟಿಕೆಟ್ಟೇ ಹರಿದ.

ಯೋಜನೆಯ ಮುಖ್ಯ ಮಂತ್ರ ಇಷ್ಟೇ: ಯಾವ ಕೆಲಸವೂ ಒಬ್ಬನೇ ಮನುಷ್ಯನ ಮೇಲೆ ನಿಂತಿರಬಾರದು. ಓದಿದ ತಕ್ಷಣ ನನ್ನ ಕಣ್ಣ ಮುಂದೆ ಬಂದವರು ಜವರಪ್ಪನವರು. ಹಳ್ಳಿಮೈಸೂರು ಕಡೆಯ ಲೈನ್‌ಮನ್, ನಿವೃತ್ತಿಗೆ ಹತ್ತಿರ. ಕಂಬ ಹತ್ತುವ ಮುಂಚೆ ಲೈನ್‌ಮನ್ ಆ ಲೈನಿನ ಸ್ವಿಚ್ ಇಳಿಸಿ ಕರೆಂಟು ಕಡಿದು, ಸ್ವಿಚ್ಚಿಗೆ ಬೀಗ ಹಾಕುತ್ತಾನೆ. ಆ ಬೀಗದ ಕೀಯನ್ನು ಜವರಪ್ಪನವರು ತಮ್ಮ ಉಡುದಾರಕ್ಕೆ ಕಟ್ಟಿಕೊಂಡಿರುತ್ತಿದ್ದರು. ಇಡೀ ಹೋಬಳಿಯ ಕರೆಂಟು ಒಬ್ಬರ ಉಡುದಾರದಲ್ಲಿ! ನಾನು ಪ್ಲೈವುಡ್ ಬೋರ್ಡು ಮಾಡಿಸಿ, ಹಸಿರು ಬಣ್ಣ ಬಳಿಸಿ, ಕೊಕ್ಕೆ ಹೊಡೆಸಿ, ಎಲ್ಲರೂ ಕೀಗಳನ್ನು ಇಲ್ಲೇ ನೇತುಹಾಕತಕ್ಕದ್ದು ಎಂದು ಸುತ್ತೋಲೆ ಹೊರಡಿಸಿದೆ. ಎಲ್ಲರೂ ಹಾಕಿದರು. ಏಳನೇ ಕೊಕ್ಕೆ ಮಾತ್ರ ಖಾಲಿ. ಕೇಳಿದಾಗಲೆಲ್ಲ ಜವರಪ್ಪನವರು ಬಹಳ ವಿನಯದಿಂದ, “ತಗಲಾಕ್ತೀನಿ ಬುಡಿ ಸಾ,” ಅನ್ನುತ್ತಿದ್ದರು. ಆಧುನಿಕ ಆಡಳಿತ ಈ ಜನಕ್ಕೆ ಎಂದು ಅರ್ಥವಾದೀತು ಎಂದು ಮನೆಯಲ್ಲಿ ಮರುಗಿದೆ. ಬೀರುವಿನ ಕೀಯನ್ನು ಸಾಸಿವೆ ಡಬ್ಬಿಯಲ್ಲಿ ಇಡುವ ನನ್ನ ಹೆಂಡತಿ, “ಎಲ್ಲರ ಕೈಗೂ ಸಿಗೋ ಹಂಗೆ ಇಡೋದಾದ್ರೆ ಬೀಗ ಯಾಕ್ ಹಾಕ್ಬೇಕು?” ಎಂದಳು. ಹೆಂಗಸರಿಗೆ ಇದೆಲ್ಲ ಗೊತ್ತಾಗುವುದಿಲ್ಲ ಎಂದುಕೊಂಡೆ.

ಅಣಕು ಕಾರ್ಯಾಚರಣೆಯ ದಿನ ಬಂತು. ಕಂಪನಿಯ ಕೇಂದ್ರ ಕಚೇರಿಯಿಂದ ವೀಕ್ಷಕರೊಬ್ಬರು ಸ್ಟಾಪ್‌ವಾಚ್ ಹಿಡಿದು ಬಂದರು. ಬಿರುಗಾಳಿ ಬೀಸಿದಂತೆ ನಾವೆಲ್ಲ ಭಾವಿಸಬೇಕು, ಮುರಿದ ಲೈನನ್ನು ನಲವತ್ತು ನಿಮಿಷದಲ್ಲಿ ಕಾಗದದ ಮೇಲೆ ಸರಿಮಾಡಬೇಕು, ಆಮೇಲೆ ಉಪ್ಪಿಟ್ಟು. ಆದರೆ ಹತ್ತು ಗಂಟೆಗೆ ಹಳ್ಳಿಮೈಸೂರು ಹತ್ತಿರ ನಿಜವಾಗಿಯೇ ತೆಂಗಿನ ಮರವೊಂದು ತಂತಿಯ ಮೇಲೆ ಒರಗಿ ಕರೆಂಟು ಹೋಯಿತು. ನಮ್ಮ ಸಾಹೇಬರಿಗೆ ಆದ ಸಂತೋಷ ಅಷ್ಟಿಷ್ಟಲ್ಲ. “ಅಸಲಿನೇ ಸಿಕ್ತಲ್ರೀ! ಇದರಲ್ಲೇ ತೋರಿಸಿಬಿಡಿ,” ಎಂದರು. ಜವರಪ್ಪನವರು ಆಗಲೇ ಆ ಕಡೆ ಹೋಗಿದ್ದರು. ವೀಕ್ಷಕರು ಗುಂಡಿ ಒತ್ತಿದರು.

ಮೂವತ್ತೈದು ನಿಮಿಷವಾದರೂ ಕೆಲಸ ಮುಗಿಯಿತೆಂದು ಜವರಪ್ಪನವರಿಂದ ಫೋನಿಲ್ಲ. ನಾನು ಮಾಡಿದೆ, ಎತ್ತಲಿಲ್ಲ. ಮತ್ತೆ ಮಾಡಿದೆ, ಎತ್ತಲಿಲ್ಲ. ವೀಕ್ಷಕರು ನನ್ನ ಪುಸ್ತಕ ತೆರೆದು ಒಂದು ಸಾಲಿನ ಮೇಲೆ ಬೆರಳಿಟ್ಟರು. ‘ಎರಡು ಕರೆಗಳಿಗೆ ಉತ್ತರ ಬಾರದಿದ್ದಲ್ಲಿ ಪರ್ಯಾಯ ಸಿಬ್ಬಂದಿಯಿಂದ ವಿದ್ಯುತ್ ಪೂರೈಕೆ ಪುನರಾರಂಭಿಸತಕ್ಕದ್ದು.’ ಬರೆದವನು ನಾನೇ. ಓದಿದಾಗ ಎಷ್ಟು ಗಂಭೀರವಾಗಿ ಕೇಳಿಸಿತೆಂದರೆ ನನಗೇ ಗೌರವ ಬಂತು. ಪರ್ಯಾಯ ಸಿಬ್ಬಂದಿಯಾದ ಮಹೇಶ ಆ ಸ್ವಿಚ್ಚಿನ ಕಂಬದ ಹತ್ತಿರವೇ ಇದ್ದ. ಸ್ವಿಚ್ ಎತ್ತು ಎಂದು ಫೋನಿನಲ್ಲಿ ಆಜ್ಞಾಪಿಸಿದೆ.

“ಬೀಗ ಆಕೈತೆ ಸಾ,” ಎಂದ.

“ಒಡೆದುಹಾಕು.”

“ಜವರಣ್ಣನ್ ಬೀಗ ಸಾ. ಬೀಗ ಐತೆ ಅಂದ್ರೆ ಅಣ್ಣ ಮ್ಯಾಲವ್ನೆ ಅಂತ ಕಣ್ ಸಾ. ನಾನ್ ಒಡಿಯಾಕಿಲ್ಲ.”

ನನಗೆ ಮೈಯೆಲ್ಲ ಉರಿದುಹೋಯಿತು. ಸಮನ್ವಯಾಧಿಕಾರಿಯ ಮಾತಿಗೆ ಇಷ್ಟೇನಾ ಬೆಲೆ? ನಿನ್ನ ಮೇಲೆ ಕ್ರಮ ಜರುಗಿಸುತ್ತೇನೆ ಎಂದು ಕೂಗಾಡಿದೆ. ಫೋನಿಟ್ಟು ಎರಡು ನಿಮಿಷ ಆಗಿರಲಿಲ್ಲ, ಜವರಪ್ಪನವರದು ಬಂತು.

“ಫೋನ್ ಮಾಡಿದ್ರಾ ಸಾ? ಕಂಬದ್ ಮ್ಯಾಲಿವ್ನಿ. ಎರಡ್ ಕೈಲೂ ತಂತಿ ಇಡ್ಕಂಡಿದ್ದೆ, ಎತ್ತಾಕಾಗ್ನಿಲ್ಲ. ಇನ್ನೊಂದ್ ಕಾಲ್ಗಂಟೆ ಆಯ್ತದೆ.”

ನಾನು “ಸರಿ” ಎಂದೆನೋ ಏನೋ, ನೆನಪಿಲ್ಲ. ಮಹೇಶ ನನ್ನಷ್ಟೇ ಶಿಸ್ತಿನವನಾಗಿದ್ದರೆ, ಅಥವಾ ಕೀ ಏಳನೇ ಕೊಕ್ಕೆಯಲ್ಲಿ ನೇತಾಡುತ್ತಿದ್ದು ಯಾರ ಕೈಗಾದರೂ ಸಿಕ್ಕಿದ್ದರೆ, ನಲವತ್ತು ನಿಮಿಷದ ಒಳಗೇ ಜವರಪ್ಪನವರನ್ನು ನಾನು ಕೊಂದಿರುತ್ತಿದ್ದೆ. ನಿಯಮಬದ್ಧವಾಗಿ, ಪುಟಸಂಖ್ಯೆಯ ಸಮೇತ. ಅಂದು ನನ್ನ ಉಪ್ಪಿಟ್ಟಿನ ತಟ್ಟೆಯನ್ನು ಪಕ್ಕದವರಿಗೆ ದಾಟಿಸಿದೆ.

ವಾರದ ಮೇಲೆ ವರದಿ ಬಂತು. ಯೋಜನೆ ಅತ್ಯುತ್ತಮ, ಸಮನ್ವಯಾಧಿಕಾರಿಗೆ ಪ್ರಶಂಸೆ. ಲೋಪ ಒಂದೇ: ಏಳನೇ ಕೊಕ್ಕೆಯಲ್ಲಿ ಕೀ ಇರಲಿಲ್ಲ, ಸಂಬಂಧಪಟ್ಟವರಿಂದ ಸಮಜಾಯಿಷಿ ಪಡೆಯುವುದು. ಕಾರಣ ಕೇಳುವ ನೋಟಿಸನ್ನು ನಾನೇ ಬರೆದೆ. ಜವರಪ್ಪನವರು ಅದನ್ನು ತೆಗೆದುಕೊಂಡು ನೇರ ನನ್ನ ಮೇಜಿಗೇ ಬಂದರು. ನಮ್ಮಲ್ಲಿ ಪದ್ಧತಿಯೇ ಹಾಗೆ. ನೋಟಿಸು ಬರೆದವನೇ ಉತ್ತರವನ್ನೂ ಬರೆದುಕೊಡಬೇಕು, ಎರಡರ ಭಾಷೆಯೂ ಹೊಂದುತ್ತದೆ.

“ಒಂದೀಟ್ ಬರ್ಕೊಡಿ ಸಾ,” ಎಂದರು.

ಅಂದು ನನಗೆ ಒಮ್ಮೆಲೇ ಪ್ರಾಮಾಣಿಕತೆ ಉಕ್ಕಿಬಂತು. ‘ಕೆಲಸ ಮುಗಿಯುವ ಮೊದಲೇ ಲೈನಿಗೆ ಕರೆಂಟು ಬಿಡಿಸುವ ಅವಿವೇಕಿಗಳು ಕಚೇರಿಯಲ್ಲಿ ಇರುವುದರಿಂದ ಕೀಯನ್ನು ನನ್ನ ಬಳಿಯೇ ಇಟ್ಟುಕೊಂಡಿದ್ದೆ’ ಎಂದು ಬರೆದು ಓದಿ ಹೇಳಿದೆ. ಜವರಪ್ಪನವರು ಕೆಮ್ಮಿದರು.

“ಬ್ಯಾಡ ಸಾ. ಅದ್ಯಾರು ಅಂತ ಕೇಳ್ತಾರೆ. ಸುಮ್ಕೆ ಮರ್ತೋಗಿದ್ದೆ ಅಂತ ಬರೀರಿ.”

ನಾನು ಒಂದು ಸಲವಾದರೂ “ಸುಳ್ಳು ಬೇಡ” ಎನ್ನಬಹುದಿತ್ತು. ಎನ್ನಲಿಲ್ಲ. ‘ಮರೆತಿದ್ದೆ, ಕ್ಷಮೆಯಿರಲಿ’ ಎಂದು ಬರೆದೆ. ಅವರು ಸಹಿ ಹಾಕಿದರು. ಇನ್ನು ಮುಂದೆ ಮರೆಯಕೂಡದೆಂಬ ಎಚ್ಚರಿಕೆ ಪತ್ರವನ್ನೂ ನಾನೇ ಬರೆದು, ಸಾಹೇಬರ ಸಹಿ ಹಾಕಿಸಿ ಸಂಜೆ ಅವರ ಕೈಗೆ ಕೊಟ್ಟೆ. ಮುಖ ನೋಡಲು ನಾಚಿಕೆಯಾಗಿ ಕಂಪ್ಯೂಟರಿನತ್ತ ತಿರುಗಿದೆ. ಅದು ಆಫ್ ಆಗಿತ್ತು.

“ಕರೆಂಟ್ ಓಗೈತೆ ಸಾ. ನೋಡ್ಕಂಬತ್ತೀನಿ,” ಎಂದು ಜವರಪ್ಪನವರು ಪತ್ರವನ್ನು ಮಡಚಿ ಜೇಬಿಗಿಟ್ಟುಕೊಂಡು ಹೊರಟರು.

ಕೆಲಸ ಮುಗಿಯಿತೆಂದು ಅವರ ಫೋನು ಬರುವ ತನಕ ಆ ಸೆಕೆಯಲ್ಲಿ ಬೆವರುತ್ತಾ ಕೂತಿದ್ದೆ. ಯಾವ ಸ್ವಿಚ್ಚನ್ನೂ ಮುಟ್ಟಲಿಲ್ಲ, ಫ್ಯಾನಿನದನ್ನೂ.