ಎಂಟನೆಯ ಬದನೆಕಾಯಿ

ಸುಶೀಂದ್ರ ಹೋದ ಗುರುವಾರ ಬೆಳಿಗ್ಗೆ ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ತೀರಿಕೊಂಡ. ಕಿಡ್ನಿ ಕೈಕೊಟ್ಟಿದ್ದವು. ವಯಸ್ಸು ಅರವತ್ಮೂರು. ಹಾನಗಲ್ಲಿನ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸಿದವನು, ನನ್ನ ಎದುರುಮನೆಯವನು, ಗೆಳೆಯ. ಅವನ ಬಗ್ಗೆ ಎಲ್ಲರೂ ಒಳ್ಳೆಯದನ್ನೇ ಹೇಳುತ್ತಿದ್ದಾರೆ. ನಾನೂ ಹೇಳುತ್ತೇನೆ. ಅದಕ್ಕೆ ಮೊದಲು ನನ್ನದೊಂದು ಕಳ್ಳತನ ಒಪ್ಪಿಕೊಳ್ಳುವುದಿದೆ.

ಅವನ ಮೇಲೆ ನನಗೆ ವಿಪರೀತ ಹೊಟ್ಟೆಕಿಚ್ಚು. ಕಾರಣ, ಅವನ ರಜೆಗಳು. ಲೋಕದ ಜನ ರಜೆಗೆ ಊರು ಆರಿಸುವುದು ಗುಡಿ ನೋಡಿ, ಗುಡ್ಡ ನೋಡಿ. ಸುಶೀಂದ್ರ ಆರಿಸುತ್ತಿದ್ದದ್ದು ನಾಲಿಗೆಯನ್ನು ಕೇಳಿ. ಪೋಹೆ ತಿನ್ನಲಿಕ್ಕೆ ಇಂದೂರಿಗೆ ಹೋದ. ಗೋಳಿಬಜೆಗೆಂದು ಮಂಗಳೂರಿಗೆ ಹೋದ. ಕುಂಭಕೋಣಕ್ಕೆ ಹೋಗಿ ಮೂರು ದಿನ ಬರೀ ಕಾಫಿ ಕುಡಿದು ಬಂದ; "ದೇವಸ್ಥಾನ ಹೆಂಗದಾವೊ?" ಎಂದರೆ, "ಹೋಟೆಲ್ಲಿನ ಹಿಂದ ಒಂದಿತ್ತು" ಎಂದ! ಹೋದಲ್ಲಿಂದೆಲ್ಲ ತಟ್ಟೆಯ ಫೋಟೋ ಕಳಿಸುತ್ತಿದ್ದ. ನಾನು ಅವನ್ನು ನೋಡುತ್ತ, ಪ್ರತಿ ರಜೆಗೂ ತಪ್ಪದೆ ಹೋಗುವ ಷಡ್ಡಕನ ಮನೆಯಲ್ಲಿ ಕೂತು, ಅಲ್ಲಿ ಪ್ರತಿ ರಜೆಗೂ ತಪ್ಪದೆ ಮಾಡುವ ಪಡವಲಕಾಯಿ ಪಲ್ಯ ಉಣ್ಣುತ್ತಿದ್ದೆ.

"ಹೊಟ್ಟಿಕಿಚ್ಚಿನ ಮ್ಯಾಲ ಅನ್ನ ಬೇಯೂಹಂಗಿದ್ರ ನಮ್ಮನಿಗೆ ಗ್ಯಾಸ ಬೇಕಾಗತಿದ್ದಿಲ್ಲ" ಎನ್ನುತ್ತಿದ್ದಳು ನನ್ನ ಹೆಂಡತಿ ಮೃಣಾಲಿನಿ.

ಒಂದೇ ಒಂದು ವಿಷಯದಲ್ಲಿ ನಾನು ಅವನಿಗಿಂತ ಮೇಲು. ಏಕಾದಶಿ! ಮೂವತ್ತೊಂದು ವರ್ಷ ಒಂದೂ ತಪ್ಪಿರಲಿಲ್ಲ. ಅವನೂ ಮಾಡುತ್ತಿದ್ದ, ಆದರೆ ಅವನದು ಸಾಬೂದಾಣಿ ವಡೆ ತಿಂದು ಮಾಡುವ ಏಕಾದಶಿ. ನನ್ನದು ಬರೀ ನೀರಿನದು. "ನಿನ್ನ ನಾಲಿಗಿ ನಿನ್ನ ಆಳತದ. ನನ್ನ ನಾಲಿಗಿ ನಾ ಆಳತೇನಿ" ಎಂದು ಕಟ್ಟೆಯ ಮೇಲೆ ಕೂತು ಸಾರುತ್ತಿದ್ದೆ.

ಎರಡು ವರ್ಷದ ಹಿಂದೆ, ಡಿಸೆಂಬರಿನಲ್ಲಿ ಕೋರ್ಟಿಗೆ ರಜೆ ಬಿದ್ದಾಗ, ಈ ಹಾನಗಲ್ಲಿನ ವಕೀಲ ರಾಘಣ್ಣ, ಅಂದರೆ ನಾನು, ಘೋರ ಪ್ರತಿಜ್ಞೆ ಮಾಡಿದೆ.

"ಈ ಸಲ ಊರು ನಾ ಆರಸ್ತೇನಿ. ಉಂಡಮ್ಯಾಲ ನೀ ಇಂದೂರು ಮರಿಬೇಕು!"

"ಯಾವೂರೋ ಅದು?"

"ಅಬಲೂರು!"

ಅಬಲೂರಿನಲ್ಲಿ ನನ್ನ ಕಕ್ಷಿಗಾರ ಗುದ್ಲೆಪ್ಪನ ಮನೆ. ಅವನ ಹೆಂಡತಿ ಹುಚ್ಚವ್ವ ಮಾಡುವ ಬದನೆಕಾಯಿ ಎಣ್ಣೆಗಾಯಿ ಒಮ್ಮೆ ಡಬ್ಬಿಯಲ್ಲಿ ಕೋರ್ಟಿಗೆ ಬಂದಿತ್ತು. ಅದರ ನೆನಪಿನಲ್ಲಿ ಎರಡು ವಾಯಿದೆ ಕಳೆದಿದ್ದೆ! ಸುಶೀಂದ್ರನ ಮನೆಯಲ್ಲೇ ಕೂತು, ಗೋಡೆಯ ಕ್ಯಾಲೆಂಡರ್ ನೋಡಿ, ಏಕಾದಶಿ ತಪ್ಪಿಸಿ ದಿನ ಗೊತ್ತು ಮಾಡಿದೆ. ಮೊದಲ ದಿನ ಶಿಗ್ಗಾಂವಿ, ಸವಣೂರು. ರಾತ್ರಿ ಹಿರೇಕೆರೂರು. ಮರುದಿನ ಅಬಲೂರು.

ಮೊದಲ ದಿನ ಸುಶೀಂದ್ರ ಶಿಗ್ಗಾಂವಿಯಲ್ಲಿ ಮಿರ್ಚಿ ತಿಂದ, ಸವಣೂರಿನಲ್ಲಿ ಅಲ್ಲಿಯ ಹೆಸರಾದ ಕುರುಕಲು ಖಾರ ಮುಕ್ಕಿದ, ಎರಡು ವೀಳ್ಯದೆಲೆ ಹಾಕಿಕೊಂಡ. ನಾನು ಸೋಡಾ ಕುಡಿದೆ.

"ಒಂದರ ತಿನ್ನೋ ಮಾರಾಯಾ."

"ಹೊಟ್ಟಿ ಖಾಲಿ ಇಟ್ಕೊಂಡೇನಿ. ನಾಳಿಗೆ!"

ಮರುದಿನ ಊಟದ ಹೊತ್ತಿಗೆ ಸರಿಯಾಗಿ ಅಬಲೂರಿನ ಪಡಸಾಲೆಯಲ್ಲಿ ಕೂತೆವು. ಗುದ್ಲೆಪ್ಪ ಹೊಲಕ್ಕೆ ಹೋಗಿದ್ದ. ಹುಚ್ಚವ್ವ ಬಿಸಿ ರೊಟ್ಟಿ ಹಾಕಿದಳು. ಎಣ್ಣೆಗಾಯಿಯ ಬೋಗುಣಿ ಬಂತು. ನಾನು ಅಂಗಿಯ ತೋಳು ಮಡಚಿದೆ. ಫೋನು ಬಡಿದುಕೊಂಡಿತು. ಮೃಣಾಲಿನಿ.

"ಏನ್ರೀ, ನೀರರ ಕುಡದೀರೋ ಇಲ್ಲೋ? ಏಕಾದಶಿ ಅಂತ ನೀರೂ ಬಿಟ್ಟು ತಿರಗಬ್ಯಾಡ್ರಿ."

"ಏಕಾದಶಿ ನಾಳೆ ಅಲ್ಲೇನ?"

"ನಾಳೆ ಸುಶೀಂದ್ರ ಅವರ್ದು! ನಮ್ಮದು ಇವತ್ತ. ಯಾರ ಮನಿ ಕ್ಯಾಲೆಂಡರ್ ನೋಡಿದ್ರಿ?"

ಅಯ್ಯೋ ದೇವರೇ! ನಮ್ಮಿಬ್ಬರದು ಓಣಿ ಒಂದೇ, ಮಠ ಬೇರೆ, ಮಠಕ್ಕೊಂದು ಪಂಚಾಂಗ. ವರ್ಷದಲ್ಲಿ ಒಂದೆರಡು ಸಲ ಅವರ ಏಕಾದಶಿ ನಮ್ಮದಕ್ಕಿಂತ ಒಂದು ದಿನ ಆಚೆ ಬೀಳುತ್ತದೆ. ಅವನ ಗೋಡೆಯ ಕ್ಯಾಲೆಂಡರ್ ನಂಬಿ ನನ್ನ ಬಾಯಿ ನಾನೇ ಕಟ್ಟಿಕೊಂಡಿದ್ದೆ!

ಮಡಚಿದ ತೋಳು ಇಳಿಸಿದೆ. ಹುಚ್ಚವ್ವನ ಮುಖ ಬಾಡಿತು.

"ಯಾಕ್ರಿ ವಕೀಲ್ರ? ನಮ್ಮ ಮನ್ಯಾಗ ಕುಂತು ಉಣ್ಣಾಕ ಮನಸ ಬರವಲ್ದೇನ್ರಿ?"

ಸುಶೀಂದ್ರ ನನ್ನ ತಟ್ಟೆಯನ್ನು ತನ್ನ ಕಡೆಗೆ ಎಳೆದುಕೊಂಡ.

"ಅವ್ವಾರ, ಅಂವಂದು ಉಪಾಸ, ನಂದಿಲ್ಲ. ಅಂವನ ಪಾಲೂ ನನಗ ಹಾಕ್ರಿ. ಒಂದ ತುಣುಕೂ ವಾಪಸ ಹೋಗೂದಿಲ್ಲ."

ಹುಚ್ಚವ್ವ ನಕ್ಕಳು. ಎಂಟು ಬದನೆಕಾಯಿ ಬಿದ್ದವು. ಎಳೆಯವು, ನಿಂಬೆಹಣ್ಣಿನಷ್ಟು. ಅವನು ಉಂಡ. ಬರೀ ಉಣ್ಣಲಿಲ್ಲ, ವರದಿ ಒಪ್ಪಿಸುತ್ತ ಉಂಡ!

"ಒಳಗ ಶೇಂಗಾ, ಗುರೆಳ್ಳು... ಹುಣಸಿ ಎಷ್ಟ ಹದಾ ಬಿದ್ದದೋ! ರಾಘಣ್ಣಾ, ಇಂದೂರು ಮರತೆ ನೋಡು. ನೀ ಗೆದ್ದಿ!"

ಗೆದ್ದವನು ನಾನು, ಉಣ್ಣುವವನು ಅವನು! ಎರಡು ದಿನದ ಖಾಲಿ ಹೊಟ್ಟೆಯಲ್ಲಿ ಕಿಚ್ಚು ಧಗಧಗ ಉರಿಯಿತು.

ಕೊನೆಯದೊಂದನ್ನು ಅವನು ತಟ್ಟೆಯಂಚಿಗೆ ಉಳಿಸಿಕೊಂಡಿದ್ದ. ಅಷ್ಟರಲ್ಲಿ ಖಾರ ನೆತ್ತಿಗೇರಿ ಕೆಮ್ಮುತ್ತ ಹಿತ್ತಲಿಗೆ ಓಡಿದ. ತಂಬಿಗೆ ಹಿಡಿದು ಹುಚ್ಚವ್ವ ಹಿಂದೆ ಓಡಿದಳು. ಪಡಸಾಲೆಯಲ್ಲಿ ಉಳಿದವರು ಇಬ್ಬರೇ: ನಾನು ಮತ್ತು ಬದನೆಕಾಯಿ.

ಎಂಜಲು, ಏಕಾದಶಿ, ಎಣ್ಣೆಗಾಯಿ, ಮೂರನ್ನೂ ಒಂದೇ ತುತ್ತಿಗೆ ನುಂಗಿದೆ! ತೊಟ್ಟು ಉಳಿಯಿತು. ಹೆಜ್ಜೆ ಸಪ್ಪಳ ಕೇಳಿ ಅದನ್ನು ಅಂಗಿಯ ಜೇಬಿಗೆ ತುರುಕಿದೆ.

ಸುಶೀಂದ್ರ ಬಂದ. ತಟ್ಟೆ ನೋಡಿದ. ನನ್ನನ್ನು ನೋಡಿದ. ಕೂತು, ಉಳಿದ ರೊಟ್ಟಿಯಿಂದ ತಟ್ಟೆ ಒರೆಸಿ ತಿಂದು, "ಖಾಲಿ ಆತ್ರಿ ಅವ್ವಾರ" ಎಂದ.

ಮರುದಿನ ಮೃಣಾಲಿನಿ ಅಂಗಿ ಹಿಡಿದು ಬಂದಳು. ಜೇಬಿನ ಮೇಲೆ ರೂಪಾಯಿಯಗಲ ಎಣ್ಣೆ.

"ಇದೇನ್ರಿ ಇದು, ಬದನಿಕಾಯಿ ತೊಟ್ಟು?"

"ಬೀಜಕ್ಕ ತಂದೇನಿ. ಹಿತ್ತಲದಾಗ ಹಚ್ಚೋಣಂತ."

"ಒಗ್ಗರಣಿ ಕೊಟ್ಟ ಬೀಜೇನ್ರಿ?"

ತೊಟ್ಟು ಹಿಡಿದು ನೆಟ್ಟಗೆ ಎದುರುಮನೆಗೆ ನಡೆದಳು. ಹಿಂದೆ ನಾನು, ನೇಣಿಗೆ ಹೊರಟವನಂತೆ. ಸುಶೀಂದ್ರ ತೂಗುಮಂಚದ ಮೇಲೆ ತನ್ನ ಏಕಾದಶಿಯ ಸಾಬೂದಾಣಿ ವಡೆ ತಿನ್ನುತ್ತಿದ್ದ. ತೊಟ್ಟು ನೋಡಿದ.

"ವೈನಿ, ಅದು ನಾ ಇಟ್ಟದ್ದು. ಅಂವ ಬಾಯಿ ಬಿಟ್ಕೊಂಡು ಕುಂತಿದ್ದಾ, ಚ್ಯಾಷ್ಟಿಗೆ ಜೇಬಿನ್ಯಾಗ ಹಾಕಿದೆ. ಅಂವ ಒಂದ ಹನಿ ಮುಟ್ಟಿಲ್ಲ. ಹರಿಶ್ಚಂದ್ರ ಅಂವ!"

"ಉಪಾಸ ಇದ್ದವರಿಗೆ ಹಿಂಗ ಕಾಡ್ತಾರೇನ್ರಿ?" ಎಂದು ಅವಳು ಅವನನ್ನು ಬೈದದ್ದೇ ಬೈದದ್ದು. ಅವನು ತಲೆ ತಗ್ಗಿಸಿ ಬೈಸಿಕೊಂಡ. ಯಾಕೆ ಹಾಗೆ ಹೇಳಿದ ಎಂದು ನಾನು ಕೇಳಲಿಲ್ಲ. ಅವನೂ ಹೇಳಲಿಲ್ಲ. ನಾಚಿಕೆಗೇಡಿ ನಾನು, ಕಟ್ಟೆಯ ಮೇಲೆ ಮೂವತ್ತೊಂದನ್ನು ಮೂವತ್ತೆರಡು ಮಾಡಿದೆ, ಮೂವತ್ಮೂರು ಮಾಡಿದೆ.

ಹೋದ ಬುಧವಾರ ಆಸ್ಪತ್ರೆಯಿಂದ ಅವನ ಫೋನು. "ಬರೂಮುಂದ ಅಬಲೂರಿಗೆ ಹೋಗಿ ತಗೊಂಡ ಬಾ." ಏನನ್ನು ಎಂದು ಕೇಳಬೇಕಾಗಿರಲಿಲ್ಲ. ಹುಚ್ಚವ್ವನ ಡಬ್ಬಿ ತೆಗೆದುಕೊಂಡು ಸಂಜೆ ಹೋದೆ. ಉಪ್ಪಿಲ್ಲದ ಗಂಜಿಯ ಬಟ್ಟಲು ಹಿಡಿದು ನಿಂತಿದ್ದ ಅವನ ಹೆಂಡತಿ ಸಂಪದಾ ಗಾಬರಿಯಾದಳು.

"ರಾಘಣ್ಣ, ಡಾಕ್ಟರ್ ಬೈತಾರ್ರಿ!"

"ನನಗಲ್ಲ, ಅಂವಗ" ಎಂದ ಸುಶೀಂದ್ರ. "ಉಣ್ಣೋ. ಅವತ್ತ ನೀ ನೋಡಿದ್ದಿ. ಇವತ್ತ ನನ್ನ ಪಾಳಿ."

ಉಂಡೆ. ಅವನು ಪ್ರತಿ ತುತ್ತಿಗೂ ನನ್ನ ಬಾಯಿ ನೋಡುತ್ತಿದ್ದ.

"ಹೊಟ್ಟಿಕಿಚ್ಚು ಅಂದ್ರ ಹಿಂಗಿರತದೇನೋ? ಭಾಳ ಉರೀತದಲ್ಲೋ!"

ಕೈಯಲ್ಲಿದ್ದ ತುತ್ತನ್ನು ಡಬ್ಬಿಗೆ ಇಳಿಸಿದೆ. "ಸುಶೀ, ಅವತ್ತ ಆ ಎಂಟನೇದು..."

"ನಾ ಏಳ ತಿಂದಿದ್ದೆ. ಮೀಸಿ ಒರಸ್ಕೋಬೇಕಿತ್ತಪಾ, ಎಣ್ಣಿ ಸುರೀತಿತ್ತು."

"ಮತ್ತ ಸುಳ್ಳ ಯಾಕ ಹೇಳಿದಿ?"

"ಊರೂರಿಂದು ನಾ ತಿಂದೆ. ನಿನ್ನ ಹತ್ರ ಇದ್ದದ್ದು ಅದೊಂದ ಏಕಾದಶಿ. ಅದನ್ನೂ ನಾನ ತಿನ್ನಲೇನು?"

ಡಬ್ಬಿಯ ಮುಚ್ಚಳದಲ್ಲಿ ತೊಟ್ಟುಗಳು ಬಿದ್ದಿದ್ದವು. ಸೂಜಿ ಚುಚ್ಚಿದ ಕೈ ಚಾಚಿ ಒಂದನ್ನು ಎತ್ತಿಕೊಂಡ.

"ವೈನಿಗೆ ಹೇಳಿದ್ದು ಸುಳ್ಳ ಆಗಬಾರದು" ಎಂದು, ಅದನ್ನು ನನ್ನ ಅಂಗಿಯ ಜೇಬಿನಲ್ಲಿ ಹಾಕಿ, ಮೇಲೊಮ್ಮೆ ತಟ್ಟಿದ.