ಕಾಫಿ ಇಡು ಎನ್ನುವ ಹಾರ್ನ್

ಪಂ, ಪಂ, ಪಾಽಽ. ಎರಡು ಗಿಡ್ಡ, ಒಂದು ಉದ್ದ. ಕೆಲವು ಹೆಂಗಸರಿಗೆ ಗಂಡ ಬಂದದ್ದು ಚಪ್ಪಲಿಯ ಸದ್ದಿನಿಂದ ತಿಳಿಯುತ್ತದೆ, ಕೆಲವರಿಗೆ ಕೆಮ್ಮಿನಿಂದ. ನನಗೆ ಹಾರ್ನ್‌ನಿಂದ. ದೆಹಲಿಯ ಮಯೂರ್ ವಿಹಾರದ ನಮ್ಮ ಸೊಸೈಟಿಯ ಪಾರ್ಕಿಂಗ್‌ನಿಂದ ಈ ಸದ್ದು ಮೂರನೇ ಮಹಡಿಗೆ ಏರಿ ಬಂತೆಂದರೆ ‘ಬಂದೆ, ಕಾಫಿ ಇಡು’ ಎಂದರ್ಥ. ಸತ್ತವರ ಮುಖ ಬೇಗ ಮಾಸುತ್ತದೆ, ಅವರ ಸದ್ದುಗಳು ಮಾತ್ರ ಕಿವಿಯಲ್ಲಿ ಉಳಿಯುತ್ತವೆ ಎಂದು ನಾನು ನಂಬಿದವಳು. ಉಳಿಯಲಿ, ವೆರಿ ಸ್ವೀಟ್. ಆದರೆ ಕಿವಿಯೊಳಗೆ ಉಳಿಯಬೇಕಾದದ್ದು ಕಿಟಕಿಯ ಹೊರಗಿನಿಂದ ಬರತೊಡಗಿದರೆ?

ನಮ್ಮವರು ಹಾರ್ನ್ ಟೆಸ್ಟಿಂಗ್ ಟೆಕ್ನಿಷಿಯನ್. ಕೊನೆಯ ವರ್ಷಗಳಲ್ಲಿ ಮಾನೇಸರ್‌ನ ಒಂದು ಬಿಡಿಭಾಗಗಳ ಕಾರ್ಖಾನೆಯಲ್ಲಿದ್ದರು. ದಿನವಿಡೀ ಹಾರ್ನ್ ಒತ್ತುವುದು, ಕೇಳುವುದು, ಗಂಟಲು ಸರಿಯಿಲ್ಲದ್ದನ್ನು ಪಕ್ಕಕ್ಕಿಡುವುದು, ಇಷ್ಟೇ ಕೆಲಸ. ಮದುವೆ ನಿಶ್ಚಯವಾದಾಗ ಮೈಸೂರಿನ ಕಾನ್ವೆಂಟ್ ಗೆಳತಿಯರು ‘ವಾಟ್ ಡಸ್ ಹೀ ಡೂ?’ ಎಂದು ಕೇಳಿದ್ದಕ್ಕೆ ‘ಸೌಂಡ್‌ನಲ್ಲಿದ್ದಾರೆ’ ಎಂದಿದ್ದೆ. ಅವರು ಸಿನಿಮಾ ಎಂದುಕೊಂಡರು. ತಿದ್ದುವುದು ನನಗೂ ಅಷ್ಟೇನೂ ಅರ್ಜೆಂಟ್ ಅನ್ನಿಸಲಿಲ್ಲ.

ರಿಟೈರ್ ಆದ ಗಂಡಸರು ವಾಕಿಂಗ್ ಹೋಗುತ್ತಾರೆ, ಪೇಪರಿನ ಪದಬಂಧ ತುಂಬುತ್ತಾರೆ, ಹೆಂಡತಿಯ ಅಡುಗೆಮನೆಗೆ ಇನ್ಸ್‌ಪೆಕ್ಷನ್‌ಗೆ ಬರುತ್ತಾರೆ. ಇವರು ಐದು ರಿಜೆಕ್ಟ್ ಆದ ಹಾರ್ನ್ ತಂದು ಬಾಲ್ಕನಿಯಲ್ಲಿ ಒಂದು ಹಲಗೆಗೆ ಸಾಲಾಗಿ ಬಿಗಿದರು. “ಮೋಹನ ರಾಗಕ್ಕೆ ಐದೇ ಸ್ವರ ಕಣೇ ಲಿಲೀ. ಏಳು ಸ್ವರದ ರಾಗ ಆಗಿದ್ರೆ ದೊಡ್ಡ ಫ್ಲ್ಯಾಟೇ ಬೇಕಿತ್ತು.” ಲಲಿತ ಎಂಬ ನನ್ನ ಹೆಸರನ್ನು ಲಿಲಿ ಮಾಡಿದ್ದು ನನ್‌ಗಳು, ಅದನ್ನು ಉಳಿಸಿಕೊಂಡದ್ದು ಇವರು. ಒಂದೊಂದು ಹಾರ್ನ್‌ನ ಸ್ಕ್ರೂ ತಿರುಗಿಸಿ ತಿರುಗಿಸಿ ಶ್ರುತಿ ಕೂಡಿಸಿದರು. ಮೊದಲ ಆಲಾಪನೆಗೆ ಕೆಳಗಿನ ರಸ್ತೆಯಲ್ಲಿ ಕಾರುಗಳೆಲ್ಲ ಬದಿಗೆ ಸರಿದು ದಾರಿ ಬಿಟ್ಟವು. ಬೀದಿನಾಯಿಗಳು ಮುಖ ಮೇಲೆತ್ತಿ ಜೊತೆಗೂಡಿದವು. ಸೊಸೈಟಿಯ ಸೆಕ್ರೆಟರಿ ಕೈಮುಗಿದುಕೊಂಡೇ ಬಂದ: “ಭಾಯಿಸಾಹಬ್, ಬಹುತ್ ಸುಂದರ್. ಅಬ್ ಬಂದ್ ಕೀಜಿಯೇ.” ಕಾನ್ವೆಂಟ್ ಪಿಯಾನೊದಿಂದ ತಿದ್ದಿದ ಕಿವಿ ನನ್ನದು. ಗಾಂಧಾರ ಸ್ವಲ್ಪ ಫ್ಲ್ಯಾಟ್ ಎಂದು ನಾನೂ ಸೇರಿಸಿದೆ. ಅವತ್ತು ಊಟಕ್ಕೆ ಕರೆದರೂ ಬಾಲ್ಕನಿಯಿಂದ ಒಳಗೆ ಬರಲಿಲ್ಲ ಮಹಾನುಭಾವರು.

ಕಛೇರಿ ಬಂದ್ ಆದ ಮೇಲೆ, ಐದರಲ್ಲಿ ಒಳ್ಳೆಯದಾದ ಪಂಚಮವನ್ನು ಬಿಚ್ಚಿ ಸ್ಕೂಟರಿಗೆ ಹಾಕಿಕೊಂಡರು. ಅದರ ಜೊತೆ ತಾವೇ ಮಾಡಿದ ಒಂದು ಪುಟ್ಟ ಡಬ್ಬಿಯೂ ಹೋಯಿತು. ಅದಕ್ಕೆ ‘ಲಿಲಿ ಯೂನಿಟ್’ ಎಂದು ಹೆಸರು. ಅದರೊಳಗೆ ಏನಿದೆ ಎಂದು ನಾನು ಕೇಳಲಿಲ್ಲ. ಕೇಳಿದರೆ ಹೇಳಿಬಿಡುತ್ತಿದ್ದರು, ಸಂಜೆಯವರೆಗೆ.

ಹೋದ ಚಳಿಗಾಲದ ಒಂದು ಬೆಳಿಗ್ಗೆ, ಎದುರಿನ ಬ್ಲಾಕ್ ಕೂಡ ಕಾಣದಂಥ ಮಂಜಿನಲ್ಲಿ, ಹಾಲು ತರಲು ಹೋದರು. ಪಂ, ಪಂ, ಪಾಽಽ ಎಂದಿತು. ಕಾಫಿ ಇಟ್ಟೆ. ಬೆಲ್ ಆಗಲಿಲ್ಲ. ಕಾಫಿ ಆರಿದ ಮೇಲೆ ಬೆಲ್ ಆಯಿತು, ಬಾಗಿಲಲ್ಲಿ ಗಾರ್ಡ್ ನಿಂತಿದ್ದ. ಸಾಹೇಬರು ಸ್ಕೂಟರಿನ ಹ್ಯಾಂಡಲ್ ಮೇಲೆ ತಲೆಯಿಟ್ಟು ಕೂತಿದ್ದಾರೆ, ಕರೆದರೆ ಮಾತಾಡುತ್ತಿಲ್ಲ ಎಂದ. ಬಂದವರೆಲ್ಲ ‘ಪಾಪ, ಕೊನೆಗೊಂದು ಮಾತೂ ಆಡಲಿಲ್ಲ’ ಎಂದರು. ಆದರೆ ನಮ್ಮವರ ಕೊನೆಯ ಮಾತು ನನ್ನ ಹತ್ತಿರ ಇತ್ತು. ಮೂರು ಸಲ ಹೆಬ್ಬೆರಳಿನಿಂದ ಒತ್ತಿ ಹೇಳಿದ್ದು: ಕಾಫಿ ಇಡು. ಬೇರೆ ಯಾರಿಗೂ ಅದರಲ್ಲಿ ಪಾಲು ಕೊಡಲಿಲ್ಲ. ಸ್ಕೂಟರನ್ನು ಮಾತ್ರ ಹಳೇ ಸಾಮಾನು ಕೊಳ್ಳುವ ಕಬಾಡಿ ಭಯ್ಯಾ ಒಯ್ದ. ಅದನ್ನು ದಿನಾ ನೋಡಿಕೊಂಡು ಓಡಾಡುವುದು ನನ್ನಿಂದ ಆಗಲಿಲ್ಲ.

ಈ ವರ್ಷ ಮೊದಲ ಮಂಜು ಬಿದ್ದ ಬೆಳಿಗ್ಗೆ, ಪಂ, ಪಂ, ಪಾಽಽ.

ನಾನು ಯೋಚಿಸುವ ಮೊದಲೇ ನನ್ನ ಕೈ ಒಲೆ ಹಚ್ಚಿತ್ತು. ಎರಡು ಲೋಟಕ್ಕೆ ಬಗ್ಗಿಸಿ ಬೆಲ್‌ಗಾಗಿ ಕಾದೆ. ಬಾಲ್ಕನಿಗೆ ಹೋಗಿ ಹಲಗೆಗೆ ಕಿವಿಯಿಟ್ಟೆ. ತಣ್ಣಗಿತ್ತು. ತೆರೆದ ನಾಲ್ಕು ಬಾಯಿ, ನಡುವೆ ಒಂದು ಹಲ್ಲು ಬಿದ್ದಂಥ ಜಾಗ. ಮರುದಿನವೂ ಮಂಜು, ಮರುದಿನವೂ ಸದ್ದು. ಪಾತ್ರೆ ತೊಳೆಯುತ್ತಿದ್ದ ಸುನೀತಾಳ ಕೈ ನಿಂತಿತು. ಬಣ್ಣ ಇಳಿದ ಮುಖದಲ್ಲಿ ಕೇಳಿದಳು: “ಆಂಟಿಜೀ, ಅಂಕಲ್ ಆಯೇ ಹೈಂ ಕ್ಯಾ?” ಬಂದಿದ್ದಾರಾ ಎಂದರೆ ಏನು ಹೇಳಲಿ? “ನಾನ್‌ಸೆನ್ಸ್” ಎಂದೆ. ಅವಳು ಬಾಗಿಲಿಗೆ ನಿಂಬೆಹಣ್ಣು ಮೆಣಸಿನಕಾಯಿ ಕಟ್ಟಿ ಹೋದಳು. ಅವಳು ಲಿಫ್ಟ್ ಹತ್ತಿದ ಮೇಲೆ ಬಿಚ್ಚಿಟ್ಟೆ. ಬರುವವರನ್ನು ಬಾಗಿಲಲ್ಲೇ ತಡೆಯುವುದು ಮ್ಯಾನರ್ಸ್ ಅಲ್ಲ.

ದಿನಾ ಎರಡೂ ಲೋಟ ನಾನೇ ಕುಡಿದು ಎದೆ ಡವಡವ ಎನ್ನತೊಡಗಿತು. ಕೆಳಗಿನ ಮನೆಯ ಪೊನ್ನಮ್ಮ, ಮಡಿಕೇರಿಯವಳು, ಮಿಲಿಟರಿಯವರ ಹೆಂಡತಿ, ಒಲೆಯ ಪಕ್ಕ ಎರಡು ಲೋಟ ನೋಡಿ ಬಾಯಿ ಬಿಡಿಸಿದಳು.

“ದೆವ್ವಕ್ಕೆ ಕಾಫಿ ಮಾಡಿ ಮಾಡಿ ನೀನೇ ದೆವ್ವ ಆಗ್ತೀಯ ಮಾರಾಯ್ತಿ. ನಾಳೆ ಸ್ವೆಟರ್ ಹಾಕಿ ರೆಡಿ ಇರು. ಹೋಗಿ ಹಿಡಿಯುವ.”

“ಹಿಡಿದು?”

“ಕೇಳುವ, ಸಕ್ಕರೆ ಎಷ್ಟು ಅಂತ!”

ನನಗೆ ಹಿಡಿಯುವುದು ಬೇಕಿರಲಿಲ್ಲ, ಹೇಳಿಬಿಡುತ್ತೇನೆ. ಹಿಡಿದರೆ ನಿಂತುಹೋಗುತ್ತದೆ. ಆದರೂ ಹೋದೆ. ಪೊನ್ನಮ್ಮನ ಕೈಯಲ್ಲಿ ಗಂಡನ ಮಿಲಿಟರಿ ಟಾರ್ಚು. ಗೇಟು ದಾಟಿ ನಾಲ್ಕು ಹೆಜ್ಜೆಗೆ ಗೇಟೇ ಇಲ್ಲ. ಮರಗಳಿಲ್ಲ, ರಸ್ತೆಯಿಲ್ಲ, ನಮ್ಮ ಪಾದಗಳೂ ಬೇರೆ ಯಾರದೋ ಅನ್ನಿಸುವ ಹಾಗಿತ್ತು. ಆಗ ಪಕ್ಕದಲ್ಲೇ, ಪಂ, ಪಂ, ಪಾಽಽ. ಬಿಳಿಯೊಳಗೆ ಒಂದು ಹಳದಿ ಕಣ್ಣು ತೇಲಿ ಬಂತು. ಪೊನ್ನಮ್ಮ ನನ್ನ ತೋಳು ಹಿಡಿದಳು, ಉಗುರು ಊರುವಷ್ಟು. ನನ್ನ ಬಾಯಿಂದ ನನಗರಿವಿಲ್ಲದೆ ಹೊರಟಿತು:

“ರೀ...”

“ಹಾಂ ಮಾತಾಜಿ! ಮೆಟ್ರೋ?”

ಇ-ರಿಕ್ಷಾ. ಮಫ್ಲರ್ ಸುತ್ತಿದ ಡ್ರೈವರ್. ಪೊನ್ನಮ್ಮ ನಗತೊಡಗಿದಳು, ನಡುಗಿದ್ದು ಮುಚ್ಚಿಹೋಗುವಷ್ಟು ಜೋರಾಗಿ. ಹಾರ್ನ್ ಎಲ್ಲಿಂದ ಬಂತು ಭಯ್ಯಾ ಎಂದೆ. ಕಬಾಡಿಯವನಿಂದ ಕೊಂಡದ್ದಂತೆ, ಡಬ್ಬಿಯ ಸಮೇತ. ಮಂಜಿನ ದಿನ ಬಿಟ್ಟರೆ ಬಳಸುವುದಿಲ್ಲವಂತೆ. “ಕಮಾಲ್ ಕೀ ಚೀಜ್ ಹೈ ಮಾತಾಜಿ. ಬಸ್ ಏಕ್ ಬಾರ್ ದಬಾವೋ” ಎಂದು ಒಂದೇ ಸಲ ಒತ್ತಿ ಕೈ ತೆಗೆದು ಮೇಲೆತ್ತಿ ತೋರಿಸಿದ. ಪಂ, ಪಂ, ಪಾಽಽ. ಉಳಿದದ್ದನ್ನೆಲ್ಲ ಡಬ್ಬಿ ತಾನೇ ಹೇಳಿತು.

“ಕಂಡ್ಯಾ ನಿನ್ನ ದೆವ್ವ!” ಎಂದಳು ಪೊನ್ನಮ್ಮ.

ನನಗೆ ನಗು ಬರಲಿಲ್ಲ. ಬೆನ್ನಲ್ಲಿ ಚಳಿ ಹತ್ತಿದ್ದೇ ಆಗ. ಒಂದು ಸಲ ಮುಟ್ಟಿದರೆ ಸಾಕು. ಬೆರಳೇ ಆಗಬೇಕೆಂದಿಲ್ಲ, ಹ್ಯಾಂಡಲ್ ಮೇಲೆ ವಾಲಿದ ಹಣೆಯೂ ಆದೀತು. ಹಾಗಾದರೆ ಆ ಬೆಳಿಗ್ಗೆ ನನಗೆ ಮಾತಾಡಿದ್ದು ಯಾರು?

ಬೇಕಾದರೆ ಬಿಚ್ಚಿಕೊಡಲೇ ಎಂದ ಡ್ರೈವರ್, ನನ್ನ ಮುಖ ನೋಡಿ. ಬೇಡ ಭಯ್ಯಾ, ಒತ್ತುತ್ತಿರು ಎಂದೆ. ಮೇಲೆ ಬಂದು ಎರಡು ಲೋಟ ಕಾಫಿ ಮಾಡಿದೆ. ಅವರ ಲೋಟ ಪೊನ್ನಮ್ಮ ಕುಡಿದಳು, ಸಕ್ಕರೆ ವಿಪರೀತ ಎಂದಳು. ಅವರಿಗೆ ಅಷ್ಟು ಬೇಕು ಎಂದೆ. ಅವಳು ಕೊನೆಯ ಗುಟುಕೂ ಬಿಡದೆ ಮುಗಿಸಿದಳು.

ಆಮೇಲೆ ಲಿಫ್ಟ್‌ವರೆಗೆ ಅವಳನ್ನು ಕಳಿಸಲು ಹೋದಾಗ ನೆನಪಾಯಿತು. ನಮ್ಮದು ಹಳೇ ಲಿಫ್ಟು, ಎಳೆದು ಮುಚ್ಚುವ ಜಾಲರಿ ಬಾಗಿಲು. ಆ ಬೆಳಿಗ್ಗೆ ಹಾಲಿಗೆ ಹೊರಟ ಅವರನ್ನು ನಾನು ಕೊನೆಗೆ ಕಂಡದ್ದು ಅದರ ಹಿಂದೆಯೇ, ಮಂಕಿ ಕ್ಯಾಪಿನ ಮುಖ ಚೌಕ ಚೌಕವಾಗಿ. ಕಾಫಿ ಯಾವಾಗ ಇಡಲಿ ಎಂದು ಕೇಳಿದ್ದೆ. ಅವರು ಹೆಬ್ಬೆರಳೆತ್ತಿ ಗಾಳಿಯಲ್ಲಿ ಒತ್ತಿ ತೋರಿಸಿದರು. ಒಂದೇ ಒಂದು ಸಲ. ನಾನು ಟೀಚರ್ ಹಾಗೆ, “ಮೂರು ಸಲ ಅಲ್ವೇನ್ರೀ?” ಎಂದು ತಿದ್ದಿದೆ. ಅವರು ತುಂಟ ಹುಡುಗನ ಹಾಗೆ ನಕ್ಕರು. ಏನೋ ಹೇಳಲು ಬಾಯಿ ತೆರೆದರು, ಅಷ್ಟರಲ್ಲಿ ಲಿಫ್ಟ್ ಇಳಿಯತೊಡಗಿತು.