ಲೇಟ್ ಮೆಂಬರರ ಹೆಂಡತಿ

ಸವತಿಯ ಮೇಲೆ ಹೊಟ್ಟೆಕಿಚ್ಚು ಪಡುವುದು ಹೆಂಗಸರಿಗೆ ಸಹಜ ಅನ್ನುತ್ತಾರೆ. ನನ್ನ ಸವತಿಗೆ ತಗಡಿನ ಚಾವಣಿ ಇತ್ತು, ಎರಡು ಕಿಟಕಿ ಇದ್ದವು, ಕಾಲು ಕುಂಟುವ ಒಂದು ಕೇರಂ ಬೋರ್ಡ್ ಇತ್ತು. ಅವಳ ಹೆಸರು ಮಾಜಿ ಸೈನಿಕರ ಕ್ಲಬ್. ನಾಸಿಕದಲ್ಲಿ, ಅಂಬಡ್ ಕಡೆ ಹೋಗುವ ರಸ್ತೆಗೆ, ನಿಫಾಡಿನ ದ್ರಾಕ್ಷಿ ವ್ಯಾಪಾರಿಯೊಬ್ಬ ಖಾಲಿ ಮಾಡಿ ಬಿಟ್ಟ ಗೋದಾಮು ಅದು. ಎಂಬತ್ತರ ದಶಕದ ಮೊದಲಲ್ಲಿ ನಮ್ಮವರು ತೋಪಖಾನೆಯ ಸುಬೇದಾರರಾಗಿ ರಿಟೈರ್ ಆದರು. ಇಷ್ಟು ವರ್ಷ ಗಡಿ ಕಾದ ಮನುಷ್ಯ ಇನ್ನು ಸಂಜೆಯಾದರೆ ನನ್ನೆದುರು ಕೂತು ಚಹಾ ಕುಡಿಯುತ್ತಾರೆಂದು ಎರಡು ಬೆತ್ತದ ಕುರ್ಚಿ ಕೊಂಡೆ. ಹದಿನೈದೇ ದಿನಕ್ಕೆ ಅವರು ಮತ್ತು ಬೀದರ್ ಕಡೆಯ ಹವಾಲ್ದಾರ್ ಬಿರಾದಾರರು ಸೇರಿ ಕ್ಲಬ್ ತೆರೆದರು. ಒಂದು ಕುರ್ಚಿ ಅಲ್ಲಿಗೆ ಹೋಯಿತು. ಅದರ ಹಿಂದೆಯೇ ನಮ್ಮವರೂ ಹೋದರು. ಬಾಗಿಲಿಗೆ ‘ಲೇಡೀಸ್ ನಾಟ್ ಅಲೌಡ್’ ಎಂಬ ಬೋರ್ಡ್ ಬಂತು. ಔರಂಗಾಬಾದಿನ ಬ್ಯಾಂಕಿನಲ್ಲಿದ್ದ ನನ್ನ ತಮ್ಮ ಅದನ್ನು ನೋಡಿ, “ಅಕ್ಕಾ, ನಮ್ಮ ಕಡೆ ವೇರೂಳದ ಈಶ್ವರನ ಗುಡ್ಯಾಗ ಗಂಡಸರು ಅಂಗಿ ಬಿಚ್ಚಬೇಕು, ಹೆಂಗಸರು ಸೀದಾ ಹೋಗಬಹುದು. ನಿಮ್ಮ ಸುಬೇದಾರರು ದೇವರಿಗಿಂತ ಸ್ಟ್ರಿಕ್ಟ್ ಅದಾರ” ಅಂದಿದ್ದ.

ಕ್ಲಬ್ ಅಂದರೆ ಬರೀ ಕೇರಂ ಅಲ್ಲ, ಅದನ್ನು ಒಪ್ಪಬೇಕು. ಕುಂಭಮೇಳ ಬಂದಾಗ ಇದೇ ಮುದುಕರು ಸೀಟಿ ಹಿಡಿದು ಘಾಟಿನಲ್ಲಿ ನಿಂತು ತಪ್ಪಿಸಿಕೊಂಡವರನ್ನು ಮನೆಯವರಿಗೆ ಒಪ್ಪಿಸಿದರು. ಸೈನ್ಯ ಬಿಟ್ಟು ಬಂದವರಿಗೆ ಅಂಬಡಿನ ಫ್ಯಾಕ್ಟರಿಗಳಲ್ಲಿ ಕೆಲಸ ಕೊಡಿಸಿದರು. ಹಳ್ಳಿಗಳಿಂದ ಎಸ್.ಟಿ. ಬಸ್ಸಿನಲ್ಲಿ ಬರುವ ಸೈನಿಕರ ವಿಧವೆಯರ ಪೆನ್ಶನ್ ಕಾಗದ ಮಾಡಿಸಿಕೊಟ್ಟರು. ಆ ಕಾಗದಗಳು ಇಂಗ್ಲಿಷಿನಲ್ಲಿ ಹೋಗಬೇಕಿತ್ತು, ನಮ್ಮ ವೀರರ ಇಂಗ್ಲಿಷ್ ‘ಯೆಸ್ ಸರ್’ಗೆ ಮುಗಿಯುತ್ತಿತ್ತು. ಗುಲ್ಬರ್ಗಾದ ಕಾನ್ವೆಂಟಿನಲ್ಲಿ ಸಿಸ್ಟರ್‌ಗಳ ಫುಟ್‌ರೂಲಿನ ಏಟು ತಿಂದು ಲೆಟರ್ ರೈಟಿಂಗ್ ಕಲಿತ ನಾನು ಹೀಗೆ ಕ್ಲಬ್ಬಿನ ಟೈಪಿಸ್ಟ್ ಆದೆ. ನನ್ನನ್ನು ಒಳಗೆ ಬಿಡುವಂತಿರಲಿಲ್ಲ, ಆದ್ದರಿಂದ ಟೈಪ್‌ರೈಟರೇ ಬಾಗಿಲಾಚೆಯ ಜಗಲಿಗೆ ಬಂತು.

ಒಮ್ಮೆ ಕ್ಲಬ್ಬಿನ ರೂಲ್ಸ್ ಟೈಪ್ ಮಾಡುತ್ತಿದ್ದೆ. ಬಿರಾದಾರರು ಹೇಳಿ ಬರೆಸುತ್ತಿದ್ದರು. “ಮೆಂಬರ್ ತೀರ್ಕೊಂಡ್ರ ಅವರ ಮನಿಯವ್ರು ಮೆಂಬರ್ ಆಗ್ತಾರ, ಒಳಗ ಕೂಡಬಹುದು. ಹಂಗಂತ ಛಂದಾಗಿ ಬರೀರಿ ವೈನಿ.”

ನಾನು ‘ವೈವ್ಸ್ ಆಫ್ ಲೇಟ್ ಮೆಂಬರ್ಸ್’ ಎಂದು ಶುರುಮಾಡಿ, ಗಟ್ಟಿಯಾಗಿ ಓದಿ, “ಹಂಗಾದ್ರ ನಾ ಈಗಾಗಲೇ ಮೆಂಬರ್ ಆದೆ ಬಿಡ್ರಿ. ನಿಮ್ಮ ಸುಬೇದಾರರು ಒಂದು ದಿನಾನೂ ಊಟದ ಹೊತ್ತಿಗೆ ಮನಿಗೆ ಬಂದಿಲ್ಲ. ಅವರಿಗಿಂತ ಲೇಟ್ ಮೆಂಬರ್ ಯಾರದಾರ?” ಅಂದೆ.

ಬಿರಾದಾರರು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಒಳಗಿನ ಬೆತ್ತದ ಕುರ್ಚಿಯಿಂದ ನಮ್ಮವರ ದನಿ ಬಂತು: “ಗ್ರಾಮರ್ ಸರಿ ಅದನೋ ಇಲ್ಲೋ ಅಷ್ಟ ನೋಡು ನೀ.”

“ಪರ್ಫೆಕ್ಟ್ ಅದ” ಅಂದೆ.

ಹತ್ತು ವರ್ಷದ ಮೇಲೆ ಒಂದು ಬೆಳಗ್ಗೆ ನಮ್ಮವರು ಗಡ್ಡ ಮಾಡಿಕೊಳ್ಳುತ್ತ ಕೂತಲ್ಲೇ ಹೋಗಿಬಿಟ್ಟರು. ಒಂದು ಕೆನ್ನೆಯ ಸಾಬೂನನ್ನು ನಾನೇ ಒರೆಸಿದೆ. ದಿನಕರ್ಮಗಳು ಮುಗಿದ ಮೇಲೆ ಬಿರಾದಾರರು ಟೋಪಿ ಕೈಯಲ್ಲಿ ಹಿಡಿದು ಬಂದರು.

“ವೈನಿ, ನಾಳಿಂದ ನೀವು ಒಳಗ ಕೂಡಬೇಕು. ರೂಲ್ ಅದ.”

“ಆ ರೂಲ್ ತೆಗೆದು ಹಾಕ್ರಿ.”

“ಹೆಂಗ ತಗೀಲಿರಿ? ನೀವೇ ಬರ್ದೀರಿ. ಇಂಗ್ಲಿಷ್ ಭಾಳ ಪಕ್ಕಾ ಅದ, ಎಲ್ಲಿ ಹಿಡದು ಎಳೀಬೇಕೋ ನಮಗ ತಿಳೀವಲ್ದು.”

ಹೋದೆ. ಹತ್ತು ವರ್ಷ ಹೊರಗೆ ಕೂತು ಊಹಿಸಿದ ಸ್ವರ್ಗದಲ್ಲಿ ಒಣದ್ರಾಕ್ಷಿಯ ಹಳೇ ವಾಸನೆ ಇತ್ತು, ಗೊರಕೆ ಹೊಡೆಯುವ ಮೂವರು ಮುದುಕರಿದ್ದರು. “ಇವರು ದಿನಾ ಇಲ್ಲಿ ಏನು ಮಾತಾಡ್ತಿದ್ರು?” ಎಂದು ಕೇಳಿದೆ. ಬಿರಾದಾರರು ಸಂಕೋಚದಿಂದ, “ಮಾತೆಲ್ಲಿದು ವೈನಿ, ಕಾಗದಪತ್ರ ಮುಗೀತು ಅಂದ್ರ ಸಾಹೇಬರು ಮಲಗತಿದ್ರು” ಅಂದರು. ನನ್ನ ಸವತಿ ನನ್ನಿಂದ ಕಸಿದುಕೊಂಡದ್ದು ಬರೀ ಅವರ ನಿದ್ದೆ. ಆದರೂ ಅದನ್ನು ನನಗೇ ಕೊಡಬಹುದಿತ್ತು. ಎದುರಿನ ಕುರ್ಚಿಯಲ್ಲಿ ಗೊರಕೆ ಹೊಡೆಯುತ್ತ ಕೂತಿದ್ದರೆ ನಾನು ಪಕ್ಕದಲ್ಲಿ ಸ್ವೆಟರ್ ಹೆಣೆಯುತ್ತ, ಐ ವುಡ್ ಹ್ಯಾವ್ ಬೀನ್ ಕ್ವೈಟ್ ಹ್ಯಾಪಿ.

ಈಗ ಕಾಗದಗಳನ್ನು ಒಳಗೇ ಟೈಪ್ ಮಾಡುತ್ತೇನೆ. ಮೊನ್ನೆ ಸಂಜೆ ಬಿರಾದಾರರ ಹೆಂಡತಿ ಶಾಂತಾಬಾಯಿ ಗೇಟಿಗೆ ಬಂದು ನಿಂತರು. “ಅಕ್ಕಾರ, ನಮ್ಮವ್ರನ್ನ ಹೊರಗ ಕಳಸ್ರಿ. ರೊಟ್ಟಿ ಆರಲಿಕತ್ತಾವ. ಈ ಮನಷಾಗ ಮನಿ ಅಂತ ಒಂದು ಅದ ಅನ್ನೋದು ನೆನಪರೆ ಅದನೋ ಇಲ್ಲೋ.”

“ಮೀಟಿಂಗ್ ನಡದದ, ಐದು ಮಿನಿಟ್ ನಿಲ್ರಿ” ಅಂದೆ, ತಲೆ ಎತ್ತದೆ.

ಮೀಟಿಂಗ್ ಏನೂ ಇರಲಿಲ್ಲ. ಬಿರಾದಾರರು ಬಾಯಿ ತೆರೆದು ಮಲಗಿದ್ದರು. ಶಾಂತಾಬಾಯಿ ಗೇಟಿನ ಕಂಬಿ ಹಿಡಿದು, ಮದುವೆಯಾದ ದಿನದಿಂದ ಶುರುಮಾಡಿ, ವರ್ಷವಾರು ಗಂಡನನ್ನು ಬೈಯುತ್ತಿದ್ದರು. ಬಾಯಿತುಂಬ ಹಾಗೆ ಬೈದು ನನಗೆ ಎಷ್ಟು ಕಾಲವಾಯಿತು. ಐದು ನಿಮಿಷ ಆದ ಮೇಲೆ ಬಿರಾದಾರರನ್ನು ಎಬ್ಬಿಸಬೇಕಿತ್ತು. ನಾನು ಮೆಲ್ಲಗೆ ಎದ್ದುಹೋಗಿ, ಆ ಕಡೆಯ ಕಿಟಕಿ ತೆರೆದು, ಇನ್ನೊಂದಿಷ್ಟು ಕೇಳಿಸಿಕೊಂಡೆ.